ದಾನ ಕೊಟ್ಟ ಸ್ವೆಟರ್ ಕಂಬಳಿಯಾಗುವ ದಾರಿ

2004ರ ಸುನಾಮಿಯಾದ ಮೇಲೆ ನಾಗಪಟ್ಟಿಣಂಗೆ ಲಾರಿಗಟ್ಟಲೆ ಹಳೆ ಬಟ್ಟೆ ಬಂತು. ಮೀನುಗಾರರು ಬೇಡ ಎಂದರು. ಮನೆ ಕಳೆದುಕೊಂಡಿದ್ದರು ನಿಜ, ಆದರೆ ಇನ್ನೊಬ್ಬರು ಉಟ್ಟು ಬಿಟ್ಟದ್ದು ಅವರಿಗೆ ಬೇಕಿರಲಿಲ್ಲ. ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಕೊಟ್ಟವರ ಬೀರು ಮಾತ್ರ ಖಾಲಿಯಾಗಿತ್ತು.

ಹಳೆ ಬಟ್ಟೆಗೆ 'ದಾನ' ಎಂಬ ಹೆಸರು ಅಂಟಿದ್ದು ಈಚೆಗೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಮಸಿಬಟ್ಟೆ. ಪಾತ್ರೆಯವಳು ಬೀದಿಗೆ ಬಂದರೆ ಎರಡು ಪ್ಯಾಂಟು, ಒಂದು ಸೀರೆಗೆ ಒಂದು ಸ್ಟೀಲ್ ಡಬ್ಬಿ. ಅಲ್ಲಿ ಪುಣ್ಯದ ಮಾತಿಲ್ಲ, ಚೌಕಾಸಿಯೇ ಎಲ್ಲ.

ದಾನದ ಪೆಟ್ಟಿಗೆ ದೊಡ್ಡದಾದದ್ದು ಪಶ್ಚಿಮದಲ್ಲಿ. 1902ರಲ್ಲಿ ಬಾಸ್ಟನ್‌ನಲ್ಲಿ ಗುಡ್‌ವಿಲ್ ಎಂಬ ಸೇವಾ ಸಂಸ್ಥೆ ಶುರುವಾದಾಗ ಬಡವರೇ ದಾನದ ಬಟ್ಟೆ ರಿಪೇರಿ ಮಾಡಿ ಮಾರುತ್ತಿದ್ದರು. ನೂರು ವರ್ಷದಲ್ಲಿ ಬಟ್ಟೆ ಎಷ್ಟು ಅಗ್ಗವಾಯಿತೆಂದರೆ, ರಿಪೇರಿ ಯಾರಿಗೂ ಬೇಡವಾಯಿತು. ಇಂಥ ಅಂಗಡಿಗಳಲ್ಲಿ ಈಗ ಬಿಕರಿಯಾಗುವುದು ಬಂದದ್ದರಲ್ಲಿ ಸ್ವಲ್ಪವೇ. ಮಿಕ್ಕಿದ್ದು ಕಿಲೋ ಲೆಕ್ಕದಲ್ಲಿ ವ್ಯಾಪಾರಿಗಳ ಕೈಗೆ ಹೋಗಿ, ಒತ್ತಿ ಬಿಗಿದ ಮೂಟೆ, ಅಂದರೆ ಬೇಲ್ ಆಗಿ ಹಡಗು ಹತ್ತುತ್ತದೆ. ತಕ್ಕಡಿಗೆ ಬಿದ್ದ ಕ್ಷಣದಿಂದ ಅದು ದಾನವಲ್ಲ, ಸರಕು.

ಬೇಲ್‌ಗಳು ಹೋಗುವ ಒಂದು ದಿಕ್ಕು ಆಫ್ರಿಕಾ. ಕೀನ್ಯಾದಲ್ಲಿ ಇದಕ್ಕೆ 'ಮಿಟುಂಬಾ' ಎನ್ನುತ್ತಾರೆ. ಘಾನಾದಲ್ಲಿ 'ಒಬ್ರೋನಿ ವಾವು', ಅಂದರೆ ಸತ್ತ ಬಿಳಿಯರ ಬಟ್ಟೆ. ಬದುಕಿರುವವರು ಇಷ್ಟು ಒಳ್ಳೆಯದನ್ನು ಬಿಸಾಡಿಯಾರೇ ಎಂಬ ಅನುಮಾನ ಆ ಹೆಸರಲ್ಲೇ ಇದೆ ಅಲ್ವಾ? ಈ ಆಮದು ಸಾಕು ಎಂದು ರುವಾಂಡಾ 2016ರಲ್ಲಿ ಸುಂಕ ಏರಿಸಿತು. ಅದಕ್ಕೆ ಪ್ರತಿಯಾಗಿ 2018ರಲ್ಲಿ ಅಮೆರಿಕ ರುವಾಂಡಾದ ಸಿದ್ಧ ಉಡುಪುಗಳಿಗಿದ್ದ ಸುಂಕ ವಿನಾಯಿತಿಯನ್ನು ತಡೆಹಿಡಿಯಿತು.

ಇನ್ನೊಂದು ದಿಕ್ಕು ನಮ್ಮದೇ. ಉಟ್ಟ ಬಟ್ಟೆಯನ್ನು ಲೈಸೆನ್ಸ್ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ಇಲ್ಲಿನ ಬಟ್ಟೆ ಉದ್ಯಮಕ್ಕೆ ಪೆಟ್ಟು ಬೀಳಬಾರದು ಎಂಬುದು ಲೆಕ್ಕ. ಆದರೆ ಅದಕ್ಕೆ ಎರಡು ಕಿಟಕಿ ಇವೆ. ಒಂದು ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯ. ಅಲ್ಲಿ ಬೇಲ್ ಬಿಚ್ಚಿ ವಿಂಗಡಿಸಿ, ಒಳ್ಳೆಯದನ್ನು ಮತ್ತೆ ಆಫ್ರಿಕಾಕ್ಕೆ ಕಳಿಸುತ್ತಾರೆ. ಇನ್ನೊಂದು ಕಿಟಕಿ, ಉಡಲಾಗದಂತೆ ಕತ್ತರಿಸಿದ ಬಟ್ಟೆ. ಕಾಗದದಲ್ಲಿ ಅದು ಬಟ್ಟೆಯಲ್ಲ, ಚಿಂದಿ. ಚಿಂದಿಗೆ ತಡೆಯಿಲ್ಲ.

ಈ ಚಿಂದಿಯ ರಾಜಧಾನಿ ಹರಿಯಾಣದ ಪಾಣಿಪತ್. ಗೋಡೌನಿನಲ್ಲಿ ಹೆಂಗಸರು ನಮ್ಮ ಈಳಿಗೆಮಣೆಯಂಥ ನೆಟ್ಟಗಿನ ಅಲಗಿನ ಮುಂದೆ ಕೂರುತ್ತಾರೆ. ಕೋಟು, ಸ್ವೆಟರ್ ಎಳೆದೆಳೆದು ಸೀಳುತ್ತಾರೆ. ಜಿಪ್ಪು, ಗುಂಡಿ, ಲೈನಿಂಗ್, ಲೇಬಲ್ಲು ಬೇರೆ ಬೇರೆ ರಾಶಿ. ಯಾವುದೂ ಸುಮ್ನೆ ಹೋಗುವುದಿಲ್ಲ, ಗುಂಡಿಗೂ ಗಿರಾಕಿ ಇದ್ದಾರೆ. ಆಮೇಲೆ ಬಣ್ಣದ ವಿಂಗಡಣೆ: ಕೆಂಪಿನ ಗುಡ್ಡ, ನೀಲಿಯ ಗುಡ್ಡ. ಹೀಗೆ ಮಾಡಿದರೆ ಮತ್ತೆ ಬಣ್ಣ ಹಾಕುವ ಖರ್ಚಿಲ್ಲ. ಮುಳ್ಳಿನ ಉರುಳೆಗಳ ಯಂತ್ರಕ್ಕೆ ಕೊಟ್ಟರೆ ಬಟ್ಟೆ ಮತ್ತೆ ಎಳೆಯಾಗುತ್ತದೆ, ಎಳೆ ನೂಲಾಗುತ್ತದೆ. ಇದಕ್ಕೆ ಶಾಡಿ ಎಂದು ಹೆಸರು. 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬಾತ ಕಂಡುಕೊಂಡ ಉಪಾಯ ಇದು. ಅಲ್ಲಿ ಕೂಲಿ ದುಬಾರಿಯಾಯಿತು, ಕೆಲಸ ಅಗ್ಗದ ಕೈಗಳನ್ನು ಹುಡುಕಿಕೊಂಡು ಬಂತು. ಗಾಳಿಯಲ್ಲಿ ಹಾರುವ ನಾರಿನ ದೂಳೂ ಜೊತೆಗೇ ಬಂತು.

ಶಾಡಿ ನೂಲಿನಿಂದ ಜಾಸ್ತಿ ನೇಯ್ದದ್ದು ಅಗ್ಗದ ಕಂಬಳಿ. ಭೂಕಂಪ, ಯುದ್ಧ ಆದಾಗೆಲ್ಲ ಪರಿಹಾರ ಸಂಸ್ಥೆಗಳು ಬಂದು ಕೊಳ್ಳುತ್ತಿದ್ದ ಮಾಲು ಅದು. ಯಾರೋ ಪುಕ್ಕಟೆ ಕೊಟ್ಟ ಸ್ವೆಟರ್ ಐದಾರು ಕೈಗಳಲ್ಲಿ ಮಾರಾಟವಾಗಿ, ಕೊನೆಗೆ ಮತ್ತೆ ದಾನವಾಗುತ್ತಿತ್ತು. ನಡುವಿನ ಪ್ರತಿ ಕೈಗೂ ಒಂದಿಷ್ಟು ಕಾಸು. ಸೀಳಿದ ಕೈಗೆ ಎಲ್ಲಕ್ಕಿಂತ ಕಮ್ಮಿ.

ಈಗ ಆ ಕಂಬಳಿಗೂ ಕಷ್ಟಕಾಲ. ಹೊಸ ಪಾಲಿಯೆಸ್ಟರ್ ಕಂಬಳಿ ಹಗುರ, ಮೆತ್ತಗೆ, ಬಣ್ಣವೂ ಚಂದ. ಪರಿಹಾರ ಸಂಸ್ಥೆಗಳೂ ಅತ್ತ ವಾಲಿವೆ, ಪಾಣಿಪತ್‌ನ ಎಷ್ಟೋ ಮಿಲ್‌ಗಳೂ ಅದನ್ನೇ ಮಾಡುತ್ತಿವೆ. ಹಳೆ ಸ್ವೆಟರ್‌ನ ಬೇಲ್‌ಗಳು ಮಾತ್ರ ಬರುತ್ತಲೇ ಇವೆ.