ಮೈ ಬಗ್ಗದವರಿಗೆ ಯೋಗ ಆಗುತ್ತಾ?

ಪ್ರಶ್ನೆ: ನನಗೆ 46 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ಮುಂದೆ ಬಗ್ಗಿದರೆ ಕೈ ಮಂಡಿಯಿಂದ ಸ್ವಲ್ಪ ಕೆಳಗೆ ಹೋಗುತ್ತೆ, ಅಷ್ಟೇ. ಯೋಗ ಕ್ಲಾಸಿಗೆ ಸೇರುವ ಆಸೆ ಇದೆ. ಮೊದಲು ಮೈ ಸ್ವಲ್ಪ ಸಡಿಲ ಮಾಡಿಕೊಂಡು ಆಮೇಲೆ ಸೇರೋದು ಒಳ್ಳೇದಲ್ವಾ?

ಉತ್ತರ: ಬೇಡ. ಇವತ್ತು ಮೈ ಹೇಗಿದೆಯೋ ಹಾಗೇ ಹೋಗಿ ಸೇರಿ. ಯೋಗ ಕಲಿಸುವ ನನ್ನನ್ನು ಜನ ಜಾಸ್ತಿ ಕೇಳುವುದು ಇದೇ ಪ್ರಶ್ನೆ. ಹೀಗೆ ಕೇಳಿದ ಎಷ್ಟೋ ಜನ ಆಮೇಲೆ ಬರುವುದೇ ಇಲ್ಲ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಪಶ್ಚಿಮೋತ್ತಾನಾಸನವನ್ನೇ ತಗೊಳ್ಳಿ. ಕಾಲು ನೀಡಿ ಕೂತು, ಮುಂದೆ ಬಾಗಿ ಕಾಲ್ಬೆರಳು ಹಿಡಿಯುವ ಆಸನ. ತೊಡೆಯ ಹಿಂಭಾಗದ ಸ್ನಾಯುಗಳು ನಾವು ಕೂರುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಅಂಟಿಕೊಂಡಿರುತ್ತವೆ. ಅವು ಬಿಗಿಯಾಗಿದ್ದರೆ ಸೊಂಟ ಮುಂದಕ್ಕೆ ವಾಲುವುದಿಲ್ಲ. ಆಗಲೂ ಬೆರಳು ಮುಟ್ಟಲೇಬೇಕು ಅಂತ ಹಟ ಹಿಡಿದರೆ ಬೆನ್ನು ಗೂನಾಗುತ್ತದೆ, ಎಳೆತವೆಲ್ಲ ಕೆಳಬೆನ್ನಿಗೆ ಬೀಳುತ್ತದೆ. ಗೊತ್ತಿಲ್ಲದೇ ಉಸಿರು ಹಿಡಿದುಕೊಂಡು ಹಲ್ಲು ಕಚ್ಚಿರುತ್ತೀರಿ.

ಅದನ್ನೇ ಹೀಗೆ ಮಾಡಿ ನೋಡಿ. ಜಮಖಾನವನ್ನು ದಪ್ಪಗೆ ಮಡಿಸಿ ಅದರ ಅಂಚಿನ ಮೇಲೆ ಕೂರಿ. ಮಂಡಿ ಸ್ವಲ್ಪ ಮಡಿಸಿ, ಸ್ನಾಯು ಸಡಿಲವಾಗುತ್ತದೆ. ಪಾದಗಳಿಗೆ ಒಂದು ಟವೆಲ್ ಸುತ್ತಿ ಎರಡೂ ತುದಿ ಹಿಡಿದುಕೊಳ್ಳಿ. ಉಸಿರು ತಗೊಳ್ಳುತ್ತಾ ಎದೆ ಎತ್ತಿ, ಬಿಡುತ್ತಾ ಸೊಂಟದಿಂದ ಬಾಗಿ. ತೊಡೆಯ ಹಿಂದೆ ಎಳೆತ ಗೊತ್ತಾದ ಕಡೆ ನಿಲ್ಲಿ. ಐದಾರು ಉಸಿರು ಸರಾಗವಾಗಿ ಆಡಲಿ. ನೀವು ಬಾಗಿದ್ದು ಎರಡೇ ಇಂಚು ಇರಬಹುದು. ನನ್ನ ಲೆಕ್ಕದಲ್ಲಿ ಆಸನ ಪೂರ್ತಿ ಆಯ್ತು.

ನಾನು ಅಳೆಯುವುದು ಉಸಿರನ್ನು, ಇಂಚನ್ನಲ್ಲ. ಉಸಿರು ತಡೆದರೆ ಒಂದು ಹೆಜ್ಜೆ ಹಿಂದೆ ಬನ್ನಿ ಅಂತೀನಿ. ಪತಂಜಲಿಯ ಯೋಗಸೂತ್ರಗಳಲ್ಲಿ ಆಸನಕ್ಕೆ ಮೀಸಲಾದವು ಮೂರೇ. ಅಲ್ಲಿ ಕೇಳಿರುವುದು ಅಲುಗಾಡದ, ಹಿತವಾದ ಸ್ಥಿತಿ. ಕಾಲ್ಬೆರಳಿನ ಮಾತೇ ಇಲ್ಲ.

ಇದು ನಾನೊಬ್ಬನೇ ಹೇಳುವ ಮಾತೂ ಅಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಹೆಸರಾಂತ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯದಿಂದ ನರಳಿದವರು. ಹದಿಹರೆಯದಲ್ಲಿ ಮೈಸೂರಿಗೆ, ಅಕ್ಕನ ಗಂಡ, ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಹತ್ತಿರ ಬಂದಾಗ ಅವರ ಮೈ ಕೂಡ ಬಿಗಿಯಾಗಿಯೇ ಇತ್ತು. ಮುಂದೆ ಪುಣೆಯಲ್ಲಿ ಅವರು ಮರದ ಇಟ್ಟಿಗೆ, ಬೆಲ್ಟು, ಹಗ್ಗ, ಕುರ್ಚಿ ಎಲ್ಲವನ್ನೂ ಪಾಠಕ್ಕೆ ತಂದರು. ವಯಸ್ಸಾದವರೂ ಕಾಯಿಲೆಯವರೂ ಆಸನದಲ್ಲಿ ನಿಲ್ಲುವ ಹಾಗಾಯಿತು. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ಹುಡುಗರಿಗೆ ಕಟ್ಟುನಿಟ್ಟಾಗಿ ಕಲಿಸಿದ ಕೃಷ್ಣಮಾಚಾರ್ಯರೂ, ಆಮೇಲೆ ಮದ್ರಾಸಿನಲ್ಲಿ ಒಬ್ಬೊಬ್ಬರ ವಯಸ್ಸು, ಆರೋಗ್ಯ ನೋಡಿ ಬೇರೆ ಬೇರೆ ಪಾಠ ಕೊಟ್ಟರು. ಎಂಥ ದೊಡ್ಡ ಮೇಷ್ಟ್ರು! ಎದುರಿಗಿದ್ದವರಿಗೆ ತಕ್ಕ ಹಾಗೆ ಅವರೇ ಪಾಠ ಬದಲಿಸಿದ್ದಾರೆ ಅಂದಮೇಲೆ, ನಾವು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕೋದು ಸರಿಯಲ್ಲ ಅಲ್ವಾ?

ಇನ್ನೊಂದು ಮಾತು. ಸೊಂಟದ ಕೀಲಿನ ಆಕಾರ ಒಬ್ಬೊಬ್ಬರದು ಒಂದೊಂದು ಥರ. ಕೆಲವರಿಗೆ ಪದ್ಮಾಸನ ಯಾವತ್ತೂ ಬರದೇ ಇರಬಹುದು. ಅವರು ಕುರ್ಚಿಯ ಮೇಲೆ ನೆಟ್ಟಗೆ ಕೂತು ಪ್ರಾಣಾಯಾಮ ಮಾಡಲಿ, ಏನೂ ಕಡಿಮೆಯಾಗುವುದಿಲ್ಲ.

ಕ್ಲಾಸು ಆರಿಸುವಾಗ ಒಂದನ್ನು ಗಮನಿಸಿ: ಇಲ್ಲಿ ನೋವು ಅಂದರೆ ಮೇಷ್ಟ್ರು ಏನು ಮಾಡುತ್ತಾರೆ? ಬೆನ್ನ ಮೇಲೆ ಕೈಯಿಟ್ಟು ಇನ್ನೂ ಒತ್ತಿದರೆ ಎದ್ದು ಬನ್ನಿ, ಸಂಕೋಚ ಬೇಡ. ನಿಮಗೆ ಸ್ಲಿಪ್ ಡಿಸ್ಕ್ ಅಥವಾ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಇದ್ದರೆ ಡಾಕ್ಟರನ್ನು ಕೇಳದೇ ಮುಂದೆ ಬಾಗುವ ಆಸನ ಮಾಡಬೇಡಿ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ ಶೀರ್ಷಾಸನ ಬೇಡವೇ ಬೇಡ. ಇಂಥದ್ದೇನಾದರೂ ಇದ್ದರೆ ಮೊದಲ ದಿನವೇ, ಮ್ಯಾಟ್ ಹಾಸುವ ಮುಂಚೆ ಹೇಳಿಬಿಡಿ.