‘ಗೆಟ್’ ಅಂದ್ರೆ ‘ಪಡೆ’ ಅಂತ ನಿಮ್ಗೆ ಹೇಳಿದ್ದು ಯಾರು?

ಮತ್ತೆ ಬಂತು. ಕೇಳಿದವ್ರ ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. “ಸಾರ್, ಗೆಟ್ ಅಂದ್ರೆ ಪಡೆ ಅಂತ ಡಿಕ್ಷನರಿಲಿ ಇದೆ. ಹಾಗಿದ್ರೆ ‘ಐ ಹ್ಯಾವ್ ಗಾಟ್ ಟು ಗೋ’ ಅಂದಾಗ ಅವ್ನು ಪಡೀತಿರೋದು ಏನು? ‘ಗೆಟ್ ಲಾಸ್ಟ್’ ಅಂದ್ರೆ ಕಳೆದುಹೋಗಿದ್ದನ್ನ ಪಡಿ ಅಂತಾನಾ?” ಕೊನೇ ಸಾಲಿಗೆ ನಗು ಬಂತು, ಆದ್ರೆ ಅವ್ರು ತಮಾಷೆಗೆ ಕೇಳಿದ್ದಲ್ಲ, ಪಾಪ, ನಿಜವಾಗ್ಲೂ ತಲೆ ಕೆಟ್ಟು ಕೇಳಿದ್ದು. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತಗೊಳ್ಳೋಕೆ ಶುರು ಮಾಡಿದಾಗಿಂದ ಪ್ರತಿ ಬ್ಯಾಚಲ್ಲೂ ಇದನ್ನ ಹೇಳಿದೀನಿ, ಬೋರ್ಡ್ ಮೇಲೆ ಬರೆದೂ ಬರೆದೂ ಸಾಕಾಗಿದೆ. ಇನ್ಮೇಲೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸಿಬಿಡ್ತೀನಿ.

ಮೊದ್ಲು ಉತ್ತರ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ. ಗೆಟ್ ಅನ್ನೋದನ್ನ ಒಂಟಿಯಾಗಿ ನಿಲ್ಲಿಸಿ ಅರ್ಥ ಕೇಳ್ಬೇಡಿ. ಅದ್ರ ಪಕ್ಕದಲ್ಲಿ ಯಾರು ಕೂತಿದಾರೆ ನೋಡಿ. ಪಕ್ಕದಲ್ಲಿ ಒಂದು ವಸ್ತು ಇದ್ರೆ ಸಿಗೋದು, ತಗೊಳೋದು, ತಂದ್ಕೊಡೋದು. ಪಕ್ಕದಲ್ಲಿ ಒಂದು ಸ್ಥಿತಿ ಇದ್ರೆ, ಅಂದ್ರೆ ವೆಟ್, ರೆಡಿ, ಆಂಗ್ರಿ ಈ ಥರದ್ದು, ಆವಾಗ ಆಗೋದು. ಅಪ್, ಆನ್, ಆಫ್, ಟು ಇವೆಲ್ಲ ಬಂದ್ರೆ ಏಳೋದು, ಹತ್ತೋದು, ಇಳಿಯೋದು, ತಲುಪೋದು. ಅಷ್ಟೇ. ಒಂದು ಬೆಳಗ್ಗೆ ನೋಡಿ:

“ಐ ಗಾಟ್ ಅಪ್ ಅಟ್ ಸಿಕ್ಸ್, ಗಾಟ್ ರೆಡಿ, ಗಾಟ್ ಆನ್ ದ ಬಸ್, ಗಾಟ್ ಎ ಸೀಟ್, ಗಾಟ್ ಆಫ್ ಅಟ್ ಮೆಜೆಸ್ಟಿಕ್, ಗಾಟ್ ವೆಟ್ ಇನ್ ದ ರೇನ್, ಗಾಟ್ ಟು ದ ಆಫೀಸ್ ಅಟ್ ಟೆನ್ ಅಂಡ್ ಗಾಟ್ ಎ ಸ್ಕೋಲ್ಡಿಂಗ್.”

ಇದನ್ನ ಕನ್ನಡದಲ್ಲಿ ಹೇಳಿ ನೋಡೋಣ. ಆರಕ್ಕೆ ಎದ್ದೆ, ರೆಡಿ ಆದೆ, ಬಸ್ ಹತ್ತಿದೆ, ಸೀಟು ಸಿಕ್ತು, ಮೆಜೆಸ್ಟಿಕ್ಕಲ್ಲಿ ಇಳಿದೆ, ಮಳೇಲಿ ನೆಂದೆ, ಹತ್ತಕ್ಕೆ ಆಫೀಸ್ ತಲುಪಿದೆ, ಬೈಸ್ಕೊಂಡೆ. ಎಂಟು ಗೆಟ್, ಎಂಟೂ ಬೇರೆ ಬೇರೆ ಕ್ರಿಯಾಪದ, ಒಂದು ಕಡೆ ಆದ್ರೂ ‘ಪಡೆ’ ಬಂತಾ? ಬೆಳಗಿನ ಬಸ್ಸಲ್ಲಿ ಸೀಟು ಸಿಕ್ಕಿದ ಖುಷಿಗೆ ಯಾರಾದ್ರೂ ಮನೆಗೆ ಫೋನ್ ಮಾಡಿ “ನಾನು ಆಸನವನ್ನು ಪಡೆದೆನು” ಅಂತಾರಾ?

ಈಗ ಜಗಳಕ್ಕೆ ಬರೋಣ. ಈ ಪ್ರಶ್ನೆ ಹಿಂದೆ ಯಾವಾಗ್ಲೂ ಇನ್ನೊಂದು ಬಾಲ ಇರತ್ತೆ. “ಗೆಟ್ ಅನ್ನೋದು ಬೀದಿ ಇಂಗ್ಲಿಷ್ ಅಂತೆ ಸಾರ್, ಬರೆಯುವಾಗ ಬಳಸಬಾರದಂತೆ, ಅಬ್ಟೇನ್, ರಿಸೀವ್, ಬಿಕಮ್ ಹಾಕ್ಬೇಕಂತೆ.” ಈ ‘ಅಂತೆ’ ಎಲ್ಲಿಂದ ಬಂತು ಅಂತ ಕೇಳಿದ್ರೆ ಎಲ್ರದ್ದೂ ಒಂದೇ ಉತ್ತರ, ಸ್ಕೂಲಲ್ಲಿ ಟೀಚರ್ ಹೇಳಿದ್ರು. ನನಗೂ ಹೇಳಿದ್ರು. ಹೈಸ್ಕೂಲಲ್ಲಿ ಪ್ರಬಂಧದಲ್ಲಿ ‘ಐ ಗಾಟ್ ಎ ಪ್ರೈಜ್’ ಅಂತ ಬರೆದಿದ್ದೆ, ಗಾಟ್ ಮೇಲೆ ಕೆಂಪು ಇಂಕಲ್ಲಿ ಎಂಥ ಗೀಟು ಹೊಡೆದಿದ್ರು ಅಂದ್ರೆ ಹಾಳೆ ಹಿಂದುಗಡೆ ಪುಟದಲ್ಲೂ ಕಾಣ್ತಿತ್ತು. ನಾನು ಇಪ್ಪತ್ತು ವರ್ಷ ಆಗೋವರೆಗೂ ಗೆಟ್ ಬರೆಯೋಕೆ ಹೆದರ್ತಿದ್ದೆ, ಸುಳ್ಳಲ್ಲ.

ಬೀದಿ ಭಾಷೆ ಅಂತೀರಲ್ಲ, ಈ ಪದದ ವಯಸ್ಸು ಗೊತ್ತಾ? ಸುಮಾರು 1200ರಿಂದ ಇಂಗ್ಲಿಷಲ್ಲಿದೆ. ಬಂದಿದ್ದು ಎಲ್ಲಿಂದ ಅಂದ್ರೆ ವೈಕಿಂಗರ ಹತ್ರದಿಂದ. 8ನೇ ಶತಮಾನದ ಕೊನೆಯಿಂದ ಡೆನ್ಮಾರ್ಕ್, ನಾರ್ವೆ ಕಡೆಯವ್ರು ಹಡಗಲ್ಲಿ ಬಂದು ಇಂಗ್ಲೆಂಡಿನ ಉತ್ತರ ಮತ್ತೆ ಪೂರ್ವ ಭಾಗದಲ್ಲಿ ಮೊದ್ಲು ಕೊಳ್ಳೆ ಹೊಡೆದು ಆಮೇಲೆ ಅಲ್ಲೇ ಬೀಡುಬಿಟ್ಟು ಅಲ್ಲಿಯವ್ರನ್ನೇ ಮದುವೆ ಆಗಿ ಹೊಲ ಗದ್ದೆ ಮಾಡ್ಕೊಂಡು ಉಳಿದ್ರಲ್ಲ, ಅವ್ರ ನಾರ್ಸ್ ಭಾಷೆಯ ‘ಗೆಟಾ’ ಇದು. ಟೇಕ್, ಎಗ್, ಸ್ಕೈ, ವಿಂಡೋ, ಕೊನೆಗೆ ದೇ, ದೆಮ್ ಕೂಡ ಅವ್ರದ್ದೇ ಸಾಮಾನು. ಇಂಗ್ಲಿಷಿನ ಸ್ವಂತ ಹಳೇ ರೂಪ ಇನ್ನೊಂದಿತ್ತು, ಅದು ಫರ್ಗೆಟ್, ಬಿಗೆಟ್ ಒಳಗೆ ಅವಿತುಕೊಂಡಿತ್ತು, ಅದನ್ನ ಆವಾಗ ಗ ಬದ್ಲು ಯ ಥರ ಉಚ್ಚರಿಸ್ತಿದ್ರು. ವೈಕಿಂಗರು ಬರದೇ ಇದ್ದಿದ್ರೆ ನಾವಿವತ್ತು ‘ಯೆಟ್ ಔಟ್’ ಅಂತ ಬೈಸ್ಕೊಳ್ತಿದ್ವೇನೋ. ಅಂದಹಾಗೆ ಫರ್ಗೆಟ್ ಅಂದ್ರೆ ಮೂಲದಲ್ಲಿ ಹಿಡಿತ ತಪ್ಪಿ ಹೋಗೋದು. ಮರೆಯೋದು ಅಂದ್ರೆ ಅದೇ ತಾನೇ.

ಅಬ್ಟೇನ್ ಬಂದಿದ್ದು ಯಾವಾಗ? ಫ್ರೆಂಚ್ ಮೂಲಕ ಲ್ಯಾಟಿನಿಂದ, 15ನೇ ಶತಮಾನದ ಹೊತ್ತಿಗೆ. ಅಂದ್ರೆ ಗೆಟ್ ಆ ಮನೇಲಿ ಇನ್ನೂರು ವರ್ಷ ಬಾಳಿದ ಮೇಲೆ ಬಂದ ಬಾಡಿಗೆದಾರ ಇದು. ಬಾಡಿಗೆದಾರನನ್ನ ಕೂರಿಸಿ ಮನೆ ಹಿರೀಕನನ್ನ ಹೊರಗೆ ಹಾಕಿ ಅಂತಾರೆ ನಮ್ಮ ಮೇಷ್ಟ್ರುಗಳು.

ಇನ್ನು ಬರವಣಿಗೆ ಮಾತು. 1611ರಲ್ಲಿ ರಾಜ ಜೇಮ್ಸ್ ಮಾಡಿಸಿದ ಬೈಬಲ್ ಅನುವಾದ ಇದೆಯಲ್ಲ, ಇಂಗ್ಲಿಷಲ್ಲಿ ಅದಕ್ಕಿಂತ ಗಂಭೀರವಾದ ಬರವಣಿಗೆ ಹುಡುಕೋದು ಕಷ್ಟ. ಅದರಲ್ಲಿ ಯೇಸು ಸೈತಾನನಿಗೆ ಹೇಳೋದು ‘ಗೆಟ್ ದೀ ಬಿಹೈಂಡ್ ಮಿ’ ಅಂತ, ಅಂದ್ರೆ ನನ್ನ ಹಿಂದಕ್ಕೆ ಹೋಗು. ಜ್ಞಾನೋಕ್ತಿಗಳಲ್ಲಿ ‘ಗೆಟ್ ವಿಸ್ಡಮ್’ ಅಂತ ಇದೆ. ಷೇಕ್ಸ್‌ಪಿಯರ್ ನಾಟಕದ ಹ್ಯಾಮ್ಲೆಟ್ ತಾನು ಪ್ರೀತಿಸಿದ ಒಫೀಲಿಯಾಗೆ ‘ಗೆಟ್ ದೀ ಟು ಎ ನನರಿ’, ಸನ್ಯಾಸಿನಿಯರ ಮಠಕ್ಕೆ ಹೋಗು ಅಂತಾನೆ. ರಾಜಕುಮಾರ ಅವ್ನು, ಬೀದೀಲಿ ಬೆಳೆದವನಲ್ಲ. ದೇವರ ಪುಸ್ತಕಕ್ಕೆ ಆಗುತ್ತೆ, ಷೇಕ್ಸ್‌ಪಿಯರ್‌ಗೆ ಆಗುತ್ತೆ, ನಮ್ಮ ಎಂಟನೇ ಕ್ಲಾಸ್ ಪ್ರಬಂಧಕ್ಕೆ ಆಗಲ್ಲ! ಏನ್ ಹೇಳೋಣ.

ಹಾಗಾದ್ರೆ ಈ ಮಡಿ ಎಲ್ಲಿಂದ ಬಂತು ಅಂತ ಕೇಳ್ತೀರಿ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಸ್ಥಾನದಲ್ಲಿ ಫ್ರೆಂಚ್, ಮಠದಲ್ಲಿ ಲ್ಯಾಟಿನ್, ಹೊಲದಲ್ಲಿ ಇಂಗ್ಲಿಷ್ ಅಂತಾಯ್ತು. ಹಾಗಾಗಿ ಆ ಕಡೆಯಿಂದ ಬಂದ ಪದಗಳಿಗೆ ಒಂದು ಜರಿ ಪಂಚೆ ಗತ್ತು, ಮನೆ ಪದಗಳಿಗೆ ಲುಂಗಿ ಸಲೀಸು. ನಮ್ಗೆ ಇದು ಅರ್ಥ ಆಗದೇ ಇರೋ ವಿಷ್ಯ ಏನಲ್ಲ. ಆಮಂತ್ರಣ ಪತ್ರಿಕೇಲಿ ‘ಭೋಜನ ಸ್ವೀಕರಿಸಿ’ ಅಂತ ಹಾಕಿಸ್ತೀವಿ, ಛತ್ರದಲ್ಲಿ ಎದುರಿಗೆ ಸಿಕ್ಕವ್ರಿಗೆ “ಊಟ ಮಾಡ್ಕೊಂಡೇ ಹೋಗ್ಬೇಕು” ಅಂತೀವಿ. ಎರಡನೇದು ತಪ್ಪು ಕನ್ನಡ ಅಂತ ಯಾರಾದ್ರೂ ಅಂದ್ರೆ ಅವ್ರಿಗೆ ಊಟ ಹಾಕ್ತೀರಾ? ಗೆಟ್ ಮತ್ತೆ ರಿಸೀವ್ ನಡುವೆ ಇರೋದೂ ಅಷ್ಟೇ, ಬಟ್ಟೆ ವ್ಯತ್ಯಾಸ, ವ್ಯಾಕರಣದ್ದಲ್ಲ.

ಮತ್ತೆ ಆ ಸಲಹೆ ಪಾಲಿಸಿದವ್ರು ಏನ್ ಮಾಡ್ತಾರೆ ನೋಡಿ. ಗೆಟ್ ಕಂಡಲ್ಲೆಲ್ಲ ಅಬ್ಟೇನ್ ತುರುಕ್ತಾರೆ. ‘ಐ ಅಬ್ಟೇನ್ಡ್ ಫೀವರ್’ ಅಂತ ರಜಾ ಅರ್ಜಿ ನನ್ನ ಕೈಗೇ ಬಂದಿದೆ. ಜ್ವರವನ್ನ ಅರ್ಜಿ ಹಾಕಿ, ಕ್ಯೂ ನಿಂತು ತಗೊಂಡ ಹಾಗಿದೆ! ಅಬ್ಟೇನ್ ಅಂದ್ರೆ ಪ್ರಯತ್ನಪಟ್ಟು ಗಿಟ್ಟಿಸ್ಕೊಳೋದು, ಅದಕ್ಕೇ ಮಾರ್ಕ್ಸ್ ಕಾರ್ಡಲ್ಲಿ ‘ಮಾರ್ಕ್ಸ್ ಅಬ್ಟೇನ್ಡ್’ ಅಂತ ಇರೋದು, ಅಲ್ಲಿ ಅದು ಚೆನ್ನಾಗೇ ಕೂರತ್ತೆ. ಜ್ವರಕ್ಕೆ ಕೂರಲ್ಲ, ಕೋಪಕ್ಕೆ ಕೂರಲ್ಲ, ಬಸ್ ಸೀಟಿಗಂತೂ... ಸರಿ, ನಮ್ಮ ಬಸ್ ಸೀಟಿಗೆ ಬೇಕಾದ್ರೆ ಕೂರಬಹುದು.

ಒಂದು ಒಪ್ಕೊಳ್ತೀನಿ. ಒಂದೇ ಪ್ಯಾರಾದಲ್ಲಿ ಎಂಟು ಗೆಟ್ ಬಂದ್ರೆ, ಮೇಲೆ ನಾನು ಬರೆದ ಹಾಗೆ, ಓದೋಕೆ ಬೇಜಾರು. ಬ್ಯಾಂಕಿಗೋ ಕೋರ್ಟಿಗೋ ಬರೆಯೋ ಪತ್ರದಲ್ಲಿ ‘ರಿಸೀವ್ಡ್’ ಇರ್ಲಿ. ಅದು ಜಾಗ ನೋಡ್ಕೊಂಡು ಬಟ್ಟೆ ಹಾಕೋ ವಿಷ್ಯ.

ಈಗ ನನಗೆ ತುಂಬಾ ಇಷ್ಟ ಆದ ಭಾಗ. ಇಂಗ್ಲಿಷ್ ಕಲಿಯೋ ಕನ್ನಡದವ್ರಿಗೆ ಗೆಟ್ ಕಷ್ಟ ಅಂತಾರೆ, ನಾನು ಉಲ್ಟಾ ಹೇಳ್ತೀನಿ, ನಮ್ಗೇ ಸುಲಭ. ‘ನನಗೆ’ ಅಂತ ಶುರುವಾಗೋ ವಾಕ್ಯಗಳನ್ನ ನೆನಪಿಸ್ಕೊಳ್ಳಿ. ನನಗೆ ಕೆಲಸ ಸಿಕ್ತು. ನನಗೆ ಕೋಪ ಬಂತು. ನನಗೆ ಬೋರಾಯ್ತು. ನನಗೆ ಜೋಕು ಅರ್ಥ ಆಯ್ತು. ಇಲ್ಲೆಲ್ಲ ನಾನು ಏನೂ ಮಾಡ್ಲಿಲ್ಲ, ಪಕ್ಕದಲ್ಲಿ ನಿಂತಿದೀನಿ, ಕೋಪ ತಾನಾಗೇ ಬಂತು, ಕೆಲಸ ತಾನಾಗೇ ಸಿಕ್ತು. ಇಂಗ್ಲಿಷಿಗೆ ಹೀಗೆ ಪಕ್ಕದಲ್ಲಿ ನಿಲ್ಲೋಕೆ ಬರಲ್ಲ, ಅದಕ್ಕೆ ಮುಂದುಗಡೆ ‘ಐ’ ಬೇಕೇ ಬೇಕು. ಆ ‘ಐ’ನ ಮುಂದೆ ಕೂರಿಸಿದ ತಕ್ಷಣ ನಮ್ಮ ಸಿಕ್ತು, ಬಂತು, ಆಯ್ತು ಎಲ್ಲ ಕೆಲಸಾನೂ ಗೆಟ್ ಒಂದೇ ಹೊತ್ಕೊಳತ್ತೆ. ಐ ಗಾಟ್ ಎ ಜಾಬ್, ಐ ಗಾಟ್ ಆಂಗ್ರಿ, ಐ ಗಾಟ್ ಬೋರ್ಡ್, ಐ ಗಾಟ್ ದ ಜೋಕ್. ಎಲ್ಲ ‘ನನಗೆ’ಗೂ ಇದು ನಡೆಯಲ್ಲ, ‘ನನಗೆ ಇಷ್ಟ’ ಅನ್ನೋಕೆ ಲೈಕ್ ಬೇಕು, ಆದ್ರೆ ಏನಾದ್ರೂ ಬಂದಿದ್ದು, ಆಗಿದ್ದು, ಸಿಕ್ಕಿದ್ದು ಇದ್ರೆ ಧೈರ್ಯವಾಗಿ ಗೆಟ್ ಹಾಕಿ. ಇದನ್ನ ಯಾವ ಗೈಡಲ್ಲೂ ನೋಡಿ ಹೇಳ್ತಿಲ್ಲ, ಕ್ಲಾಸಲ್ಲಿ ತಲೆ ಚಚ್ಕೊಂಡು ಚಚ್ಕೊಂಡು ನಾನೇ ಕಂಡ್ಕೊಂಡಿದ್ದು, ಸ್ವಲ್ಪ ಜಂಬ ಇದೆ, ಇರ್ಲಿ ಬಿಡಿ.

ಇನ್ನೊಂದು, ನಮ್ಮ ‘ಇಸು’. ಮಾಡು ಮಾಡಿಸು, ಕಟ್ಟು ಕಟ್ಟಿಸು, ಹೊಲಿ ಹೊಲಿಸು. ಕೆಲಸ ಇನ್ನೊಬ್ಬರದ್ದು, ದುಡ್ಡು ನಮ್ದು. ಇಂಗ್ಲಿಷಲ್ಲಿ ಈ ‘ಇಸು’ ಇಲ್ಲ, ಆ ಜಾಗದಲ್ಲೂ ಗೆಟ್ ಬಂದು ಕೂರತ್ತೆ. ಬ್ಲೌಸ್ ಹೊಲಿಸಿದೆ ಅಂದ್ರೆ ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’. ಕಟಿಂಗ್ ಮಾಡಿಸಿದೆ ಅಂದ್ರೆ ‘ಐ ಗಾಟ್ ಮೈ ಹೇರ್ ಕಟ್’. ನಮ್ಮಲ್ಲಿ ಜಾಸ್ತಿ ಜನ ಹೇಳೋದು ‘ಐ ಕಟ್ ಮೈ ಹೇರ್’ ಅಂತ, ಕೇಳಿದವ್ರಿಗೆ ಅನ್ಸೋದು ಇವ್ನು ಕನ್ನಡಿ ಮುಂದೆ ಕತ್ತರಿ ಹಿಡ್ಕೊಂಡು ತಾನೇ ಕತ್ತರಿಸ್ಕೊಂಡ ಅಂತ. ಇಲ್ಲಿ ಪದಗಳ ಆರ್ಡರ್ ಒಂದು ನೆನಪಿರ್ಲಿ, ವಸ್ತು ಮೊದ್ಲು, ಆಗಿದ್ದು ಆಮೇಲೆ.

ಪ್ರಶ್ನೆ ಕೇಳಿದವ್ರ ‘ಹ್ಯಾವ್ ಗಾಟ್’ಗೆ ಬರ್ತೀನಿ, ಇಲ್ದಿದ್ರೆ ಬೈತಾರೆ. ‘ಐ ಹ್ಯಾವ್ ಗಾಟ್ ಟೂ ಬ್ರದರ್ಸ್’ ಅಂದ್ರೆ ನನಗೆ ಇಬ್ರು ಅಣ್ಣತಮ್ಮಂದಿರು ಸಿಕ್ಕಿದ್ರು ಅಂತಲ್ಲ, ಜಾತ್ರೇಲಿ ಕಳೆದುಹೋಗಿದ್ರಾ ಅವ್ರು? ಇದ್ದಾರೆ ಅಂತ, ಅಷ್ಟೇ. ಸಿಕ್ಕಿದ್ದು ಈಗ ನಮ್ಮ ಹತ್ರ ಇದೆ ತಾನೇ, ಹಾಗೆ ಸಿಕ್ಕಿದ್ದು ಸವೆದೂ ಸವೆದೂ ‘ಇದೆ’ ಆಗಿಹೋಯ್ತು. ಅದ್ರ ಮುಂದೆ ಟು ಮತ್ತೆ ಒಂದು ಕ್ರಿಯಾಪದ ಬಂದ್ರೆ ‘ಬೇಕು’. ಐ ಹ್ಯಾವ್ ಗಾಟ್ ಟು ಗೋ, ಹೋಗ್ಬೇಕು. ಗೆಟ್ ಲಾಸ್ಟ್‌ನಲ್ಲಿ ಪಕ್ಕದಲ್ಲಿರೋದು ಸ್ಥಿತಿ, ಹಾಗಾಗಿ ‘ಆಗು’, ಇಲ್ಲಿಂದ ಮಾಯ ಆಗು. ಆಯ್ತಲ್ಲ?

ಅಮೆರಿಕದಲ್ಲಿರೋ ಮಕ್ಕಳು ‘ಹ್ಯಾವ್ ಗಾಟ್’ ಬದ್ಲು ‘ಹ್ಯಾವ್ ಗಾಟನ್’ ಅಂತಾರೆ, ತಪ್ಪಲ್ವಾ ಅಂತ ಕೇಳೋ ಅಪ್ಪ ಅಮ್ಮಂದಿರಿಗೆ: ತಪ್ಪಲ್ಲ. ಅದೇ 1611ರ ಬೈಬಲಲ್ಲಿ, ಆದಿಕಾಂಡದಲ್ಲೇ ಗಾಟನ್ ಇದೆ. ಇಂಗ್ಲೆಂಡಿನವ್ರು ಅದನ್ನ ಬಿಟ್ರು, ಅಮೆರಿಕದವ್ರು ಇಟ್ಕೊಂಡ್ರು. ಇಂಗ್ಲೆಂಡಿನವ್ರೂ ಫರ್ಗಾಟನ್ ಬಿಟ್ಟಿಲ್ವಲ್ಲ.

ಇಷ್ಟು ಓದಿದ ಮೇಲೆ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, “ಒಂದು ಪದಕ್ಕೆ ಇಷ್ಟೊಂದು ಅರ್ಥ, ಇದೆಂಥ ಭಾಷೆ ಸಾರ್, ನಮ್ಮ ಕನ್ನಡದಲ್ಲಿ ಹೀಗಿಲ್ಲ.” ಹೌದಾ? ‘ಹೊಡಿ’ ನೋಡೋಣ. ಟೀ ಹೊಡೆಯೋಣ ಬಾ. ಗೋಡೆಗೆ ಮೊಳೆ ಹೊಡಿ, ಬಣ್ಣ ಹೊಡಿ. ತೋಟಕ್ಕೆ ಔಷಧಿ ಹೊಡಿ. ಗೊರಕೆ ಹೊಡಿ, ಹರಟೆ ಹೊಡಿ, ಈಜು ಹೊಡಿ, ಕಣ್ಣು ಹೊಡಿ, ಕಾಪಿ ಹೊಡಿ, ಕ್ಲಾಸಿಗೆ ಚಕ್ಕರ್ ಹೊಡಿ, ಪರೀಕ್ಷೇಲಿ ಡುಮ್ಕಿ ಹೊಡಿ. ದನ ಹೊಡ್ಕೊಂಡು ಬಾ. ಕರೆಂಟ್ ಶಾಕ್ ಹೊಡೀತು, ಸಾಕ್ಸ್ ವಾಸನೆ ಹೊಡೀತಿದೆ, ಈ ಸಲ ಕಪ್ ಹೊಡೆದ್ರು. ಮೇಲೆ ನಾನೇ ಗೀಟು ಹೊಡೆದಿದ್ರು, ಕೊಳ್ಳೆ ಹೊಡೆದು ಅಂತ ಬರೆದಿದೀನಿ, ನೀವು ಗಮನಿಸಿದ್ರಾ? ನಾನೂ ಬರೆಯುವಾಗ ಗಮನಿಸಿರ್ಲಿಲ್ಲ. ಇದೂ ಹಳೇ ಕುಳನೇ, ಹಳಗನ್ನಡದ ‘ಪೊಡೆ’, ಪಾಲು ಹಾಲಾದ ಹಾಗೆ ಪೊಡೆ ಹೊಡೆ ಆಗಿದ್ದು. ದಿನಾ ಕೈಗೆ ಸಿಗೋ ಪಾತ್ರೇನೇ ಎಲ್ಲಾ ಅಡುಗೆಗೂ ಬಳಕೆ ಆಗೋದು, ಅಟ್ಟದ ಮೇಲಿರೋದಲ್ಲ.

ನಮ್ಮ ಬೀದೀಲಿ ಪಿಜಿಲಿ ಒಡಿಶಾ ಕಡೆ ಹುಡುಗ ಒಬ್ಬ ಇದ್ದ, ಕನ್ನಡ ಕಲೀಬೇಕು ಅಂತ ಬಹಳ ಆಸೆ. ಹೊಡಿ ಅಂದ್ರೆ ಬೀಟ್ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದ. ಒಂದಿನ ಪಿಜಿ ಆಂಟಿ “ಗಾಡಿಗೆ ಗಾಳಿ ಹೊಡೆಸ್ಕೊಂಡು ಬಾರಪ್ಪ” ಅಂದಿದಾರೆ. ಗಾಳೀನ ಯಾಕೆ ಹೊಡೀಬೇಕು, ಅದ್ರಲ್ಲಿ ‘ಸ್ಕೊಂಡು’ ಎಲ್ಲಿಂದ ಬಂತು ಅಂತ ನನ್ನ ಹತ್ರ ಓಡಿಬಂದ. ‘ಗೆಟ್ ಇಟ್ ಫಿಲ್ಡ್’ ಅಂದೆ. ಎರಡು ನಿಮಿಷ ನಿಂತ, ನೋಟ್‌ಬುಕ್ಕಲ್ಲಿ ಬೀಟ್ ಅನ್ನೋದನ್ನ ಹೊಡೆದುಹಾಕಿದ, ಗಾಡಿ ತಳ್ಕೊಂಡು ಪಂಕ್ಚರ್ ಅಂಗಡಿಗೆ ಹೋದ.