ಗಾಡಿ ಹೆಸರು ಹೇಳಿ ಬ್ರೇಕ್ ಸಾಮಾನು ತರಬೇಡಿ

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ, ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ ಹೊರುವ ಹಳೇ ಪಿಕಪ್‌ಗಳು ನಮ್ಮ ಕಡೆ ಇನ್ನೂ ಬಹಳ ಓಡುತ್ತಿವೆ. ಇವುಗಳ ಬ್ರೇಕ್ ಕೆಲಸ ಕೆಡುವುದು ಹೆಚ್ಚಾಗಿ ಅಂಗಡಿ ಕೌಂಟರಿನಲ್ಲಿಯೇ. 'ಪಿಕಪ್ ಹಿಂದಿನ ಶೂ ಒಂದು ಸೆಟ್ ಕೊಡ್ರಿ' ಅಂದರೆ ಕೈಗೆ ಬರುವುದು ಆ ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ ಮಾಲು. ಹೆಸರು ಒಂದೇ ಇದ್ದರೂ ತಯಾರಾದ ವರ್ಷ ಮತ್ತು ಹೊರುವ ಭಾರ ಬೇರೆಯಾದರೆ ಡ್ರಮ್ (ಚಕ್ರದ ಜತೆ ತಿರುಗುವ ಬೋಗುಣಿ), ಶೂ (ಅದರ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಕಮಾನು), ಸಿಲಿಂಡರ್ (ಆಯಿಲ್ ಒತ್ತಡದಿಂದ ಶೂ ತಳ್ಳುವ ಭಾಗ) ಅಳತೆಯೂ ಬೇರೆಯಾಗಬಹುದು.

ಮೊದಲು ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿ ನಂಬರನ್ನು ಚಾಸಿ ಮೇಲೆ ಕೊರೆದ ನಂಬರಿಗೆ ತಾಳೆ ನೋಡಿ, ಕಂಪನಿ ಡೀಲರ್ ಕೌಂಟರಿನಲ್ಲಿ ಪಾರ್ಟ್ ನಂಬರ್ ತೆಗೆಸಿಕೊಳ್ಳಿ. ಆದರೆ ಮೂರು ಕೈ ಬದಲಾದ ಗಾಡಿಗೆ ಯಾರೋ ಗುಜರಿಯಿಂದ ಬೇರೆ ಗಾಡಿಯ ಹಿಂದಿನ ಆಕ್ಸಲ್ ಹೌಸಿಂಗ್ ತಂದು ಕೂರಿಸಿದ್ದರೆ ಆ ನಂಬರ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಹಾಗಾಗಿ ಚಕ್ರ ಬಿಚ್ಚಿ ವರ್ನಿಯರ್ ಹಿಡಿದು ಅಳೆಯಲೇಬೇಕು.

ಡ್ರಮ್ಮಿನ ಅಂಚಿನಲ್ಲಿ ಸವೆಯದೆ ಉಳಿದ ಏಣನ್ನು ಬಿಟ್ಟು, ಒಳಗೆ ಶೂ ಉಜ್ಜುವ ಜಾಗದಲ್ಲಿ, ಅಡ್ಡ ಮತ್ತು ಉದ್ದ ಎರಡೂ ಕಡೆ ವ್ಯಾಸ ಅಳೆಯಿರಿ. ಎರಡು ಅಳತೆ ಬೇರೆ ಬಂದರೆ ಡ್ರಮ್ ಅಂಡಾಕಾರವಾಗಿದೆ. ಎಷ್ಟು ಸವೆಯಬಹುದು ಎಂಬ ಗರಿಷ್ಠ ಅಳತೆ ಸಾಮಾನ್ಯವಾಗಿ ಡ್ರಮ್ ಮೇಲೆಯೇ ಮೂಡಿರುತ್ತದೆ. ಅದನ್ನು ದಾಟಿದ್ದರೆ ಲೇಥ್ ಹೊಡೆಸುವ (ಯಂತ್ರದಲ್ಲಿ ಒಳಮೈ ಕೊರೆಸಿ ಸಮ ಮಾಡಿಸುವ) ಮಾತೇ ಬೇಡ. ಲೇಥ್ ಹೊಡೆಸಿದ ಡ್ರಮ್ಮಿಗೆ ಸ್ಟ್ಯಾಂಡರ್ಡ್ ಲೈನರ್ (ಶೂ ಮೇಲಿನ ಉಜ್ಜುವ ಪಟ್ಟಿ) ಹಾಕಿದರೆ ನಡುವಿನಲ್ಲಿ ಮಾತ್ರ ತಾಗುತ್ತದೆ, ತುದಿಗಳು ಗಾಳಿಯಲ್ಲಿ ನಿಲ್ಲುತ್ತವೆ. ಅದಕ್ಕೆ ಓವರ್‌ಸೈಜ್, ಅಂದರೆ ಹೆಚ್ಚು ದಪ್ಪದ ಲೈನರ್ ಕೇಳಿ.

ನಮಗೆ ಹೆಚ್ಚು ಭಯ ವ್ಹೀಲ್ ಸಿಲಿಂಡರಿನದು. ಹೊರಗಿನಿಂದ ಬೋಲ್ಟ್ ತೂತು, ಪೈಪ್ ಜಾಗ ಎಲ್ಲ ಒಂದೇ ಥರ ಕಾಣುತ್ತವೆ, ಒಳಗಿನ ಬೋರ್ (ಪಿಸ್ಟನ್ ಓಡಾಡುವ ತೂತು) ಮಾತ್ರ ಬೇರೆ. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ., ಏಳು ಸೂತು (ಇಂಚಿಗೆ ಎಂಟು ಸೂತು) ಅಂದರೆ 22.22 ಮಿ.ಮೀ. ಬರೀ ಮೂರು ಮಿ.ಮೀ. ಅನಿಸಬಹುದು, ಆದರೆ ಪಿಸ್ಟನ್ನಿನ ಮುಖ ಶೇ. 36 ದೊಡ್ಡದಾಗುತ್ತದೆ, ಶೂ ಒತ್ತುವ ಬಲವೂ ಅಷ್ಟೇ ಹೆಚ್ಚುತ್ತದೆ. ಖಾಲಿ ಗಾಡಿಯಲ್ಲಿ ಮಳೆ ಬಿದ್ದ ರಸ್ತೆಯ ಮೇಲೆ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಜಾಮ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಪೆಡಲ್ ಕೂಡ ಮೊದಲಿಗಿಂತ ಕೆಳಗೆ ಹೋಗುತ್ತದೆ. ಬರೀ ರಬ್ಬರ್ ಕಿಟ್ ಹಾಕುವುದಾದರೆ ಬೋರಿನೊಳಗೆ ಉಗುರು ಆಡಿಸಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಸಿಲಿಂಡರನ್ನೇ ಬದಲಿಸಿ. ಪಾಲಿಶ್ ಪೇಪರ್ ಹಾಕಿ ತಿಕ್ಕುವ ರೂಢಿ ಬಿಡಬೇಕು, ಬೋರ್ ಸಡಿಲಾಗಿ ಹೊಸ ರಬ್ಬರೂ ಸೋರುತ್ತದೆ.

ಶೂ ಸವೆದಂತೆ ಅದನ್ನು ಡ್ರಮ್ಮಿನ ಹತ್ತಿರಕ್ಕೆ ಸರಿಸುವ ಅಡ್ಜಸ್ಟರ್ ಸ್ಕ್ರೂ ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೇ. ಒಂದರ ತಿರುಪಿನ ಹಲ್ಲು ಬಲಮುರಿ, ಇನ್ನೊಂದರದು ಎಡಮುರಿ. ಅದಲು ಬದಲಾದರೆ ತಾನೇ ಬಿಗಿಯಾಗಬೇಕಾದ ಶೂ ತಾನೇ ಸಡಿಲಾಗುತ್ತ ಹೋಗುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಒಂದು ಚಕ್ರ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ.

ಬ್ರೇಕ್ ಪೈಪಿನ ನಟ್ಟಿನಲ್ಲೂ ಮೋಸ ಹೋಗುವುದುಂಟು. ಮೂರು ಸೂತಿನ, ಇಂಚಿಗೆ 24 ಹಲ್ಲಿನ ನಟ್ಟು 10 ಮಿ.ಮೀ. ತೂತಿಗೆ ಕೈಯಲ್ಲಿ ತಿರುಗಿಸಿದರೆ ಹಗುರಾಗಿ ಹೋಗುತ್ತದೆ, ಪಾನಾ ಹಾಕಿ ಬಿಗಿದಾಗ ಹಲ್ಲು ಕಿತ್ತು ಬರುತ್ತದೆ. ಹಳೇ ನಟ್ಟು, ಹೊಸ ನಟ್ಟು ಎರಡರ ಹಲ್ಲನ್ನು ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ಕಂಡರೆ ಅದು ನಿಮ್ಮದಲ್ಲ.

ಭಾರ ಹೊರಲೆಂದು ಹೆಚ್ಚಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಸೇರಿಸಿದವರು ಇದನ್ನು ಗಮನಿಸಬೇಕು. ಹಿಂದಿನ ಆಕ್ಸಲ್ಲಿಗೆ ಸರಳಿನಿಂದ ಜೋಡಿಸಿದ ಲೋಡ್ ವಾಲ್ವ್ (ಭಾರ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ಭಾಗ) ಇರುವ ಗಾಡಿಯಲ್ಲಿ ಹಿಂಭಾಗ ಎತ್ತರವಾದರೆ ಲೋಡ್ ತುಂಬಿದ್ದರೂ ಖಾಲಿಯಿದೆ ಎಂದೇ ವಾಲ್ವ್ ಲೆಕ್ಕ ಹಾಕಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ಎಷ್ಟು ಹೊಸ ಶೂ ಹಾಕಿದರೂ ಆ ಬ್ರೇಕ್ ಹಿಡಿಯುವುದಿಲ್ಲ. ಸರಳನ್ನು ಸೆಟ್ ಮಾಡಿಸಬೇಕು.

ಬ್ರೇಕ್ ಆಯಿಲ್, ಗಾಡಿಯಲ್ಲಿರುವ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದೇ ಇರಲಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಕುಡಿದಿದ್ದರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಲೋಡ್ ಹೊತ್ತು ಅರಬೈಲು ಘಾಟು ಇಳಿಯುವಾಗ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ರಬ್ಬರ್ ಭಾಗಗಳನ್ನು ಡೀಸೆಲ್ಲಿನಲ್ಲಿ ತೊಳೆಯಲೇಬೇಡಿ, ಉಬ್ಬಿ ಕೆಡುತ್ತವೆ. ಬ್ರೇಕ್ ಆಯಿಲ್ಲಿನಲ್ಲೇ ತೊಳೆಯಿರಿ.

ಜೋಡಿಸಿ ಪೈಪಿನೊಳಗಿನ ಏರ್ ತೆಗೆದ ಮೇಲೆ ಎಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕಾಲಿನ ಕೆಳಗೆ ಅದು ಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗದ) ರಬ್ಬರ್ ಹೋಗಿದೆ. ಆ ದೋಷ ಹುಡುಕಿ ಸರಿಪಡಿಸುವವರೆಗೆ ಗಾಡಿ ರಸ್ತೆಗೆ ಇಳಿಸಬೇಡಿ.